ಬೆನ್ನಿನ ಮೇಲೆ ಆರು ತಟ್ಟು

ಟೈಲರ್ ಮಾಸ್ಟರ್ ಅಂಗಡಿಯಲ್ಲಿ ಗಂಡ ಹೆಂಡತಿಗೆ ಮಾತ್ರ ಗೊತ್ತಿದ್ದ ಪದ್ಧತಿಯೊಂದಿತ್ತು. ಅವನು ಅಳತೆ ಹಿಡಿದು ಕೂಗುವುದು, ಅವಳು ಬರೆದುಕೊಳ್ಳುವುದು. ಗಿರಾಕಿಯ ಸೊಂಟ ಬೆಳೆದಿದ್ದರೆ ಮಾಸ್ಟರ್ ಹಳೆಯ ಅಳತೆಯನ್ನೇ ಕೂಗಿ, ಹೆಚ್ಚಾದ ಇಂಚಿಗೊಂದರಂತೆ ಗಿರಾಕಿಯ ಬೆನ್ನು ತಟ್ಟುತ್ತಿದ್ದ. ಅವಳು ಅದನ್ನು ನೋಡಿ ಕೂಡಿಸಿ ಬರೆಯುತ್ತಿದ್ದಳು. ಗಿರಾಕಿ ಹಿಗ್ಗುತ್ತಿದ್ದ, ಪ್ಯಾಂಟೂ ಸರಿಯಾಗಿ ಕೂರುತ್ತಿತ್ತು.

ಈ ಮರ್ಯಾದೆ ಹೆಂಡತಿಗೆ ಮಾತ್ರ ಇರಲಿಲ್ಲ. ದಿನವಿಡೀ ಭಾರದ ಇಸ್ತ್ರಿಪೆಟ್ಟಿಗೆ ಎಳೆದಾಡಿ ಗಟ್ಟಿಮುಟ್ಟಾಗಿದ್ದ ಅವಳನ್ನು ಬಂದವರೆದುರೇ "ನಮ್ಮ ಗುಡಾಣ" ಎನ್ನುತ್ತಿದ್ದ. ಅವಳ ಸೊಂಟದಳತೆಯನ್ನು ಬೀದಿಗೆ ಕೇಳುವಂತೆ ಕೂಗಿ ನಗಿಸುತ್ತಿದ್ದ. ತನ್ನದೋ? ಮದುವೆಯ ದಿನ ಅರವತ್ತೆರಡು ಕೆಜಿ, ಈಗಲೂ ಅಷ್ಟೇ. ಸೊಂಟ ಮೂವತ್ತೆರಡು. ಅವನ ಪ್ಯಾಂಟನ್ನು ಅಳೆದು ಹೊಲಿಯುವವಳು ಅವಳೇ. ಟೈಲರ್ ಆದವನು ತನ್ನ ಅಳತೆ ತಾನೇ ಹಿಡಿಯುತ್ತಾನೆಯೇ?

ಹತ್ತಿರದ ಶಾಲೆಯಲ್ಲಿ ಆರೋಗ್ಯ ತಪಾಸಣಾ ಶಿಬಿರ ಇದೆಯೆಂದಾಗ ಹೆಂಡತಿಯನ್ನು ಎಳೆದುಕೊಂಡು ಹೋದ. ಬರಿಗಾಲಲ್ಲಿ ಹತ್ತಿ ನಿಂತರೆ ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ತೋರಿಸುವ ಯಂತ್ರ ಅಲ್ಲಿತ್ತು. ಇವತ್ತು ಗುಡಾಣದ ಬಣ್ಣ ಬಯಲಾಗುತ್ತದೆ ಎಂದು ಒಳಗೊಳಗೇ ಖುಷಿ ಅವನಿಗೆ.

"ತೂಕ ಜಾಸ್ತಿ ಇದ್ರೂ ಮಾಂಸಖಂಡ ಚೆನ್ನಾಗಿದೆಯಮ್ಮಾ. ಕೊಬ್ಬು ಎಷ್ಟಿರಬೇಕೋ ಅಷ್ಟೇ ಇದೆ," ಎಂದಳು ನರ್ಸ್. ಆಮೇಲೆ ಅವನ ಸೊಂಟಕ್ಕೆ ಟೇಪು ಸುತ್ತಿದಳು. "ಮೂವತ್ತೆಂಟು."

"ಟೇಪ್ ಹಿಡಿಯೋದು ಹಾಗಲ್ಲ ತಾಯಿ," ಎಂದು ನಕ್ಕು, ಕೊರಳಲ್ಲಿದ್ದ ತನ್ನ ಟೇಪನ್ನೇ ತೆಗೆದು ಕೊಟ್ಟ. ಅದೂ ಮೂವತ್ತೆಂಟೇ ತೋರಿಸಿತು.

ಮದುವೆಯ ದಿನದ ತೂಕವೇ ಈಗಲೂ ಎನ್ನುತ್ತ ಅವನು ಯಂತ್ರ ಹತ್ತಿದ. "ತೂಕ ಹಾಗೇ ಇದೆ ನಿಜ," ಯಂತ್ರ ನೋಡಿ ನರ್ಸ್ ಹೇಳಿದಳು. "ಆದ್ರೆ ಕೈಕಾಲಿನ ಮಾಂಸ ಕರಗಿ ಹೊಟ್ಟೇಲಿ ಕೊಬ್ಬು ತುಂಬಿದೆ. ಸಕ್ಕರೆ ಕಾಯಿಲೆ ಬರೋದು ಹೀಗೇ. ಎಷ್ಟು ವರ್ಷದಿಂದ ಹೀಗಿದೆ?"

ಮಾಸ್ಟರ್ ಹೆಂಡತಿಯತ್ತ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

ದಾರಿಯಲ್ಲಿ ಕೇಳಿದ, "ನನಗ್ಯಾಕೆ ಹೇಳ್ಲಿಲ್ಲ?"

"ನನ್ನ ಅಳತೆ ನೀವು ಕೂಗಿದಾಗ ಹೇಗಾಗ್ತಿತ್ತು ಅಂತ ನನಗೆ ಗೊತ್ತಿತ್ತಲ್ಲ," ಎಂದಳು. "ನಿಮಗೂ ಹಾಗಾಗೋದು ಬೇಡ ಅಂತ ಸುಮ್ನಿದ್ದೆ. ಅದು ಕಾಯಿಲೆ ತರುತ್ತೆ ಅಂತ ನನಗೇನು ಗೊತ್ತು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿ ಎನಿಸುತ್ತಿತ್ತು.

ಅಂಗಡಿಯಲ್ಲಿ ಮೂರ್ನಾಲ್ಕು ಗಿರಾಕಿಗಳು ಕಾಯುತ್ತಿದ್ದರು. ಪಕ್ಕದ ಸೈಕಲ್ ಅಂಗಡಿಯವನು ಹಲ್ಲು ಕಿರಿದ. "ಏನ್ ಮಾಸ್ಟ್ರೇ, ನಿಮ್ಮ ಗುಡಾಣ ಎಷ್ಟು ತೂಗಿತು? ನಿಮ್ಮ ಸೊಂಟ ಎಷ್ಟು ಬಂತು?"

ತಾನೇ ಕಲಿಸಿದ ಮಾತು. ಮಾಸ್ಟರ್ ತಲೆ ಎತ್ತಲಾರದೆ ನಿಂತ.

"ಅವರದ್ದು ಮೂವತ್ತೆರಡೇ," ಎಂದಳು ಹೆಂಡತಿ ತಟ್ಟನೆ. ಅವಳ ಕೈ ಅವನ ಬೆನ್ನ ಮೇಲೆ ಬಿತ್ತು. ಒಂದು, ಎರಡು, ಮೂರು. ಮೆತ್ತಗೆ, ಆರು ಸಲ.

ಆರನೆಯದಕ್ಕೆ ಅವನ ಕಣ್ಣು ತುಂಬಿತು.

"ಮೂವತ್ತೆಂಟು!" ಎಂದು ಬೀದಿಗೆ ಕೇಳುವಂತೆ ಕೂಗಿದ. "ನನ್ನ ಸೊಂಟ ಮೂವತ್ತೆಂಟು. ಬರ್ಕೋ."

ಯಾರೂ ನಗಲಿಲ್ಲ. ಅವಳು ಪುಸ್ತಕ ತೆಗೆದು ಬರೆದುಕೊಂಡಳು.