‘ಯಾರು?’ ಎಂದು ಕೇಳುವವಳು

ಹನ್ನೆರಡು ವರ್ಷ ಎದುರು ಮೇಜಿನಲ್ಲಿ ಕುಳಿತವನೇ ಬಾಗಿಲು ತಟ್ಟಿದರೂ "ಯಾರು?" ಎಂದು ಕೇಳದೆ ಅವಳು ಚಿಲಕ ತೆಗೆಯುತ್ತಿರಲಿಲ್ಲ. ಆಸ್ಪತ್ರೆಯ ಸರ್ವರ್ ಕೋಣೆಯ ಮುಖ್ಯಸ್ಥೆಗೆ ‘ಯಾರಕ್ಕ’ ಎಂಬ ಹೆಸರು ಬಿದ್ದದ್ದೇ ಹಾಗೆ. ಆ ಶೀತಲ ಕೋಣೆಗೆಂದೇ ಮೀಸಲಾದ, ಒಂದು ಗುಂಡಿ ಮಾತ್ರ ಬೇರೆ ಬಣ್ಣದ ಕಂದು ಕೋಟು ತೊಟ್ಟು, ಎಡಭುಜವನ್ನು ತುಸು ಮುಂದೆ ಮಾಡಿಕೊಂಡು ಅವಳು ಕಾರಿಡಾರಿನಲ್ಲಿ ಬಂದರೆ ದೊಡ್ಡ ಡಾಕ್ಟರೂ ಪಕ್ಕಕ್ಕೆ ಸರಿದು ನಗುತ್ತಿದ್ದರು. ಆ ನಗೆಯಲ್ಲಿ ಒಂದು ಚೂರೂ ಎದುರು ಮೇಜಿನವನ ಪಾಲಿಗೆ ಬಂದಿರಲಿಲ್ಲ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವಳು ಮುಖ್ಯಸ್ಥೆಯಾದಳು, ಅವನು ಎಲ್ಲರ ಬಾಯಲ್ಲಿ ‘ಎರಡನೇ ಕುರ್ಚಿ’ಯಾಗಿ ಉಳಿದ. ಹೊಟ್ಟೆ ಉರಿಯದೆ ಇನ್ನೇನಾದೀತು!

ಮನೆಯಲ್ಲೇ ಕುಳಿತು ರಿಪೋರ್ಟು ನೋಡಿದರೆ ಬೇರೆಯವರೂ ನೋಡಿಬಿಡುವುದಿಲ್ಲವೇ ಎಂದು ರೋಗಿಯೊಬ್ಬನ ತಾಯಿ ಕೇಳಿದ್ದಳು. ಅವನು ತನ್ನ ಪಾಂಡಿತ್ಯದ ಗಂಟು ಬಿಚ್ಚುವಷ್ಟರಲ್ಲಿ ಯಾರಕ್ಕ ಹೇಳಿ ಮುಗಿಸಿದ್ದಳು:

"ನಿಮ್ಮ ಬ್ರೌಸರ್ ಮೊದಲು ‘ಯಾರು ನೀನು?’ ಅಂತ ಕೇಳುತ್ತಮ್ಮ. ನಮ್ಮ ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತೆ. ಅದು ಸರಿಯಿದ್ರೆ ಎರಡೂ ಸೇರಿ ಒಂದು ಗುಟ್ಟಿನ ಕೀಲಿ ಮಾಡ್ಕೊಳ್ತವೆ. ಆಮೇಲೆ ದಾರೀಲಿ ಯಾರು ಕದ್ದು ಕೇಳಿದ್ರೂ ಒಂದಕ್ಷರ ತಿಳಿಯಲ್ಲ."

ಆ ತಾಯಿ ಅವಳ ಕೈ ಹಿಡಿದುಕೊಂಡಳು. ಇವನು ಒಳಗೊಳಗೇ ಕುದಿದ.

ಆ ಪ್ರಮಾಣಪತ್ರದ ಅವಧಿ ಮುಗಿಯುವ ದಿನ ಯಾರಕ್ಕ ಹೊಸದನ್ನು ಹಾಕಿ ನಿರಾಳವಾಗಿ ಮನೆಗೆ ಹೋದಳು. ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಲು ಮಾತ್ರ ಮರೆತಳು. ಅದು ಹಳೆಯದನ್ನೇ ಹಿಡಿದು ಕುಳಿತಿತ್ತು. ಸಂಜೆ ಐದಕ್ಕೆ ರಿಪೋರ್ಟಿನ ಪುಟ ತೆರೆದ ಎದುರು ಮೇಜಿನವನಿಗೆ ಪ್ರಮಾಣಪತ್ರದ ಹಳೆಯ ತಾರೀಖೇ ಕಂಡಿತು. ಕಣ್ಣನ್ನು ನಂಬದೆ ಮತ್ತೆ ತೆರೆದ, ಮತ್ತೆ ಮತ್ತೆ ತೆರೆದ. ಒಂದು ಫೋನು ಮಾಡಿದ್ದರೆ ಸಾಕಿತ್ತು. ಬೀಳಲಿ, ಇವಳೂ ಎಡವುತ್ತಾಳೆಂದು ಎಲ್ಲರಿಗೂ ಗೊತ್ತಾಗಲಿ ಎಂದುಕೊಂಡು ಚೀಲ ಹೆಗಲಿಗೇರಿಸಿ ನಡೆದ.

ಬೆಳಗ್ಗೆ ರಿಪೋರ್ಟು ತೆರೆದವರಿಗೆಲ್ಲ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮಗನ ರಕ್ತಪರೀಕ್ಷೆಯ ಫಲಕ್ಕಾಗಿ ಕಾದಿದ್ದ ಅದೇ ತಾಯಿ ಗಾಬರಿಯಿಂದ ಆಸ್ಪತ್ರೆಗೇ ಓಡಿ ಬಂದಿದ್ದಳು. ಅವಳ ಮುಖ ಕಂಡಾಗ ಇವನ ಖುಷಿ ಅರ್ಧ ಇಳಿಯಿತು. ಯಾರಕ್ಕ ಸರ್ವರನ್ನು ಸರಿಪಡಿಸಿ, ದೊಡ್ಡ ಡಾಕ್ಟರ ಮುಂದೆ ನಿಂತು, "ತಪ್ಪು ನಂದೇ ಸರ್" ಎಂದು ಬೈಗುಳವನ್ನೆಲ್ಲ ಕೇಳಿಸಿಕೊಂಡಳು.

ಆಮೇಲೆ ಅವನಿದ್ದ ಕೋಣೆಗೆ ಬಂದು ಬಾಗಿಲು ಹಾಕಿದಳು. ಯಾವ ಕಂಪ್ಯೂಟರು ಯಾವ ಪುಟವನ್ನು ಎಷ್ಟು ಹೊತ್ತಿಗೆ ಕೇಳಿತೆಂದು ಸರ್ವರು ತಾನೇ ಬರೆದಿಡುವ ಲೆಕ್ಕದ ಒಂದು ಹಾಳೆ ಅವಳ ಕೈಯಲ್ಲಿತ್ತು.

"ನಿನ್ನೆ ಸಂಜೆ ನಿನ್ನ ಕಂಪ್ಯೂಟರಿಂದ ಏಳು ಸಲ ಆ ಪುಟ ತೆರೆದಿದೆ," ಎಂದಳು. "ಒಂದು ಮಾತು ಹೇಳಬಾರದಿತ್ತೇನೋ?"

ಅವಳು ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದಳು. ಆ ವಿಷಯ ಮೂರನೆಯವರ ಕಿವಿಗೆ ಕೊನೆಗೂ ಬೀಳಲಿಲ್ಲ.

ಮರುದಿನ ಅವನು ಬಾಗಿಲು ತಟ್ಟಿದಾಗ ಎಂದಿನಂತೆ "ಯಾರು?" ಎಂದಳು. "ನಾನು" ಎನ್ನಲು ಅವನಿಗೆ ತುಸು ಹೊತ್ತು ಹಿಡಿಯಿತು. ಯಾರಕ್ಕನಂಥವರು ಎಷ್ಟೇ ಪರಿಚಿತನನ್ನೂ ಪರೀಕ್ಷಿಸದೆ ಒಳಗೆ ಬಿಡುವುದಿಲ್ಲ. ಪರೀಕ್ಷೆಯಲ್ಲಿ ಸೋತವನ ಗುಟ್ಟನ್ನು ಹೊರಗೂ ಬಿಡುವುದಿಲ್ಲ. ನಾಲ್ಕು ಜನರೆದುರು ಬೈದುಬಿಟ್ಟಿದ್ದರೆ ಅವನು ಸುಖವಾಗಿ ದ್ವೇಷಿಸಿಕೊಂಡು ಇರುತ್ತಿದ್ದ. ಅಷ್ಟು ಸುಖವನ್ನೂ ಉಳಿಸದವರ ಮೇಲೆ ಮತ್ಸರಪಟ್ಟವನಿಗೆ ಬೇರೆ ಶಿಕ್ಷೆಯೇ ಬೇಕಿಲ್ಲ.