ಅಕ್ಕನ ಮನೆಯ ಬೀಗ

ಊರಿನ ಅರ್ಧ ಬಾಗಿಲುಗಳಿಗೆ ಬೀಗ ಕೂರಿಸಿದವನು ಐದು ತಿಂಗಳಿಂದ ಕೈಕಟ್ಟಿ ಕೂತಿದ್ದ. ಹದಿನೆಂಟು ವರ್ಷ ದುಡಿದ ಅಂಗಡಿ ಮುಚ್ಚಿತ್ತು. ಹೆಂಡತಿಯ ಮೊಬೈಲಿನಲ್ಲಿ ಕೆಲಸ ಹುಡುಕುವುದೇ ಈಗ ಕೆಲಸ. ಅವನ ದಪ್ಪ ಬೆರಳು ಒಂದಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಹಾಗಾಗಿ ಅವನು ಹೇಳುವುದು, ಅವಳು ಒತ್ತುವುದು. ಎಪ್ಪತ್ತು ಅರ್ಜಿ ಹೋದವು. ಬಾವಿಗೆ ಕಲ್ಲು ಹಾಕಿದರೂ ಸದ್ದು ಬರುತ್ತದೆ, ಇವಕ್ಕೆ ಅದೂ ಇಲ್ಲ.

ಎಪ್ಪತ್ತೊಂದನೆಯದಕ್ಕೆ ಹತ್ತೇ ನಿಮಿಷದಲ್ಲಿ ಉತ್ತರ ಬಂತು. ಮನೆಗಳ ಭದ್ರತೆ ನೋಡಿಕೊಳ್ಳುವ ಕಂಪನಿಯಂತೆ. ನಿಮ್ಮ ಕೈಕೆಲಸ ನೋಡಬೇಕು, ನೀವು ಬೀಗ ಕೂರಿಸಿದ ಒಂದು ಮನೆಯ ವಿಳಾಸ ಕೊಡಿ ಎಂದಿತ್ತು. ಅಲ್ಲಿ ಎಷ್ಟು ಜನ, ಯಾವ ಹೊತ್ತಿಗೆ ಯಾರಿರುತ್ತಾರೆ ಎಂದೂ ಕೇಳಿತ್ತು.

"ಬೀಗ ನೋಡೋರಿಗೆ ಜನರ ಲೆಕ್ಕ ಯಾಕಂತೆ?" ಎಂದಳು ಹೆಂಡತಿ.

"ಹೋದಾಗ ಬಾಗಿಲು ತೆಗೆಯೋರು ಬೇಡ್ವಾ? ನಮ್ಮಕ್ಕನ ಮನೆ ಹಾಕು. ಒಬ್ಬಳೇ ಇರ್ತಾಳೆ, ಮಧ್ಯಾಹ್ನ ಮಲಗಿರ್ತಾಳೆ, ಬೆಳಿಗ್ಗೆ ಹೋಗಿ ಅಂತ ಬರಿ."

"ಅವರನ್ನ ಒಂದು ಮಾತು ಕೇಳಬಾರದಾ?"

"ಕೇಳಿದ್ರೆ ಒಂದು ಗಂಟೆ ಬೈತಾಳೆ. ನೀನು ಒತ್ತೇ."

ವಾರ ಕಳೆದು ಒಂದು ಮಧ್ಯಾಹ್ನ ಪರೀಕ್ಷೆ ಬಂತು. ಮೂರು ಬೀಗಗಳ ಫೋಟೊ. ಕೀಲಿಯಿಲ್ಲದೆ ತೆರೆಯುವುದು ಹೇಗೆ, ಎಷ್ಟು ಹೊತ್ತು ಬೇಕು? ಐದು ತಿಂಗಳಲ್ಲಿ ಅವನನ್ನು ಒಂದು ಪ್ರಶ್ನೆ ಕೇಳಿದವರೇ ಇರಲಿಲ್ಲ. ಮೈಯಲ್ಲಿ ಹುರುಪು ಉಕ್ಕಿತು.

"ಮೊದಲಿನ ಎರಡು ಮಕ್ಕಳಾಟಿಕೆ. ಮೂರನೇದು ಗಟ್ಟಿ ಗಿರಾಕಿ. ಬೇರೆಯವರು ಅರ್ಧ ದಿನ ಒದ್ದಾಡ್ತಾರೆ. ಗುಟ್ಟು ಗೊತ್ತಿರೋನಿಗೆ ಎರಡು ನಿಮಿಷ."

ಗುಟ್ಟನ್ನೂ ಬಿಡಿಸಿ ಹೇಳಿದ. ಅವಳು ಒತ್ತಿ ಕಳಿಸಿದಳು. ಆಮೇಲೆ ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನಕ್ಕಳು. "ರೀ, ಈ ಸ್ಕ್ರೂ ನೋಡಿ. ನಾಲ್ಕರ ತಲೆ ಮೇಲಿನ ಗೆರೆನೂ ನೆಟ್ಟಗೆ ನಿಂತಿದೆ. ನಿಮ್ಮ ಹುಚ್ಚು ಇನ್ನೊಬ್ಬರಿಗೂ ಇದೆ."

ಅವನು ಮೊಬೈಲು ಕಿತ್ತುಕೊಂಡ. ಮೂರು ಸ್ಕ್ರೂ ಬಿಳಿ, ಕೆಳಗಿನದೊಂದು ಹಿತ್ತಾಳೆ. ಬೀಗ ಕೂರಿಸಿದ ದಿನ ಒಂದು ಕಡಿಮೆ ಬಿದ್ದಾಗ ಅಕ್ಕನೇ ಹೊಲಿಗೆ ಡಬ್ಬಿಯಿಂದ ಹುಡುಕಿ ಕೊಟ್ಟದ್ದು. ಅಕ್ಕನ ಮನೆ ಊರಿನ ಆ ತುದಿ, ಎರಡು ಬಸ್ಸಿನ ದಾರಿ. ಫೋನು ಮಾಡಿದ.

"ಅಕ್ಕಾ, ನಿಮ್ಮನೆ ಬೀಗ ನೋಡೋಕೆ ಯಾರಾದ್ರೂ ಬಂದಿದ್ರಾ?"

"ಇದನ್ನ ಕೇಳೋಕೆ ನನ್ನ ನಿದ್ದೆ ಕೆಡಿಸಿದ್ಯಾ? ಮೊನ್ನೆ ಒಬ್ಬ ಬಂದಿದ್ದ, ನೀನೇ ಕಳಿಸಿದ್ದಂತೆ. ನೀನು ಕಳಿಸಿದೋರಿಗೆಲ್ಲ ಬಾಗಿಲು ತೆಗೆಯೋಕೆ ನಾನೇನು ಸತ್ರ ಇಟ್ಟಿದೀನಾ? ಹೊರಗಿಂದ್ಲೇ ಫೋಟೊ ಹೊಡ್ಕೊಂಡು ಹೋದ." ಅಕ್ಕ ಮಾತು ನಿಲ್ಲಿಸಿದಳು. "ಇರು, ಬಾಗಿಲಲ್ಲಿ ಇಲಿ ಕೆರೆದಂಗೆ ಏನೋ ಸದ್ದು."

"ಹೋಗಬೇಡ. ಒಳಗಿನ ಚಿಲಕ ಹಾಕು, ಮೊದಲು ಚಿಲಕ ಹಾಕು."

"ಯಾವ ಚಿಲಕವೋ? ನನ್ನ ಬೀಗ ಇರೋವಾಗ ಚಿಲಕ ಇಟ್ಕೊಂಡ್ರೆ ನನಗೆ ಅವಮಾನ ಅಂತ ಕಿತ್ತು ಬಿಸಾಕಿದೋನು ನೀನೇ ಅಲ್ವಾ?"

ಅವನು ಚಪ್ಪಲಿಯಿಲ್ಲದೆ ಬೀದಿಗೆ ಓಡಿದ. ಕಿವಿಗೆ ಒತ್ತಿಕೊಂಡ ಫೋನಿನಲ್ಲಿ, ಅಕ್ಕ ಇನ್ನೂ ಬೈಯುತ್ತಿರುವಾಗಲೇ, ಅವಳ ಹಿಂದಿನಿಂದ ಟಕ್ ಎಂದು ಸಣ್ಣ ಸದ್ದು ಕೇಳಿತು. ಆ ಸದ್ದು ಯಾವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ.