ಮೇಲಿನ ಮನೆಯ ಮಲ್ಲಮ್ಮ

ಸಿದ್ದೇಶ್ವರಿ ಅಮೆರಿಕದ ಜರ್ಮನ್‌ಟೌನ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಜನರೆದುರು ನಿಂತರೆ ಅವಳಿಗೆ ನಾಲಿಗೆ ಒಣಗುತ್ತಿತ್ತು. 2014ರ ಬೇಸಿಗೆಯಲ್ಲಿ ಮೇಲಿನ ಮನೆಯ ಮಗ ಸೊಸೆಯ ಬಳಿಗೆ ಹಾವೇರಿಯಿಂದ ಮಲ್ಲಮ್ಮ ಎಂಬ ಮುದುಕಿ ಬಂದರು. ಮೇಲ್‌ಬಾಕ್ಸ್ ಮೇಲಿನ ಹೆಸರು ನೋಡಿ ನಮ್ಮವಳೇ ಎಂದುಕೊಂಡು ಶನಿವಾರ ಶನಿವಾರ ಬಂದು ಬಾಗಿಲು ತಟ್ಟುತ್ತಿದ್ದರು. ಸಿದ್ದೇಶ್ವರಿ ಒಳಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಮುದುಕಿ ಹೊರಗೆ ನಿಂತು ತಮ್ಮಷ್ಟಕ್ಕೆ ಏನೋ ಮಾತಾಡಿ ಮೆಟ್ಟಿಲೇರಿ ಹೋಗುತ್ತಿದ್ದರು. ಚಳಿಗಾಲದ ಹೊತ್ತಿಗೆ ತಟ್ಟುವುದು ನಿಂತಿತು. ಸದ್ಯ, ಬದುಕಿದೆ ಎಂದುಕೊಂಡಳು.

ಆ ಚಳಿಗಾಲದಲ್ಲೇ ಅವಳು ಒಂದು ಅಧ್ಯಯನಕ್ಕೆ ಹೆಸರು ಕೊಟ್ಟಳು. ತಾಯಿ ಮಗುವನ್ನು ಬೆಸೆಯುವ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮೂಗಿಗೆ ಸಿಂಪಡಿಸಿದರೆ, ಜನರಿಗೆ ಅಂಜುವವರಲ್ಲೂ ಜನ ಬೇಕೆಂಬ ಹಂಬಲ ಹುಟ್ಟೀತೇ ಎಂದು ನೋಡುವುದಿತ್ತು. ಒಂದು ದಿನ ಹಾರ್ಮೋನು, ಒಂದು ದಿನ ಬರೀ ಉಪ್ಪುನೀರು. ಯಾವತ್ತು ಯಾವುದೆಂದು ಹೇಳುತ್ತಿರಲಿಲ್ಲ. ಸಿಂಪಡಿಸಿದ ಮೇಲೆ ಕಂಪ್ಯೂಟರಿನಲ್ಲಿ ಒಂದು ಆಟ: ಪರದೆಯ ಮೇಲೆ ಗುರುತು ಮೂಡಿದ ಕೂಡಲೇ ಗುಂಡಿ ಒತ್ತಿದರೆ ಅಲ್ಲಿನ ಮುಖ ನಗುತ್ತಿತ್ತು. ಮೊದಲ ದಿನ ಅವಳ ಬೆರಳು ಜಡವಾಗಿತ್ತು. ಎರಡನೆಯ ದಿನ ಆ ನಗುವಿಗಾಗಿ ತಾನಾಗಿ ಓಡಿತು. ಹೆದರಿಕೆ ಎಲ್ಲೂ ಹೋಗಿರಲಿಲ್ಲ. ಬೇಕು ಅನ್ನುವುದು ಮಾತ್ರ ಅದಕ್ಕಿಂತ ದೊಡ್ಡದಾಗಿತ್ತು.

ಆ ಸಂಜೆ ನೇರವಾಗಿ ಮೇಲಕ್ಕೆ ಹತ್ತಿ ಬೆಲ್ ಒತ್ತಿದಳು. ಬಾಗಿಲು ತೆರೆದದ್ದು ಮಲ್ಲಮ್ಮನ ಸೊಸೆ ಆರತಿ. ಅತ್ತೆ ಅಕ್ಟೋಬರಿನಲ್ಲೇ ಹೃದಯಾಘಾತವಾಗಿ ತೀರಿಕೊಂಡರು ಎಂದಳು.

ಅಂದಿನಿಂದ ಶನಿವಾರ ಬಂದರೆ ಬಾಗಿಲು ತಟ್ಟಿದ ಸದ್ದು. ಸಿದ್ದೇಶ್ವರಿ ಓಡಿಹೋಗಿ ತೆರೆಯುತ್ತಿದ್ದಳು. ಹೊರಗೆ ಯಾರೂ ಇರುತ್ತಿರಲಿಲ್ಲ. ಅಧ್ಯಯನ ಮುಗಿಯಿತು, ಆ ದಿನದ ಹಂಬಲವೂ ಇಳಿಯಿತು, ಸದ್ದು ನಿಲ್ಲಲಿಲ್ಲ. ಮೂರನೆಯ ಶನಿವಾರ ತಡೆಯಲಾರದೆ, ಅಂಜುತ್ತಲೇ ಮತ್ತೆ ಮೇಲಕ್ಕೆ ಹೋದಳು.

"ಅವ್ರು ಬಂದಾಗೆಲ್ಲ ನಾನು ಮನೇಲೇ ಇದ್ದೆ. ಬೇಕಂತ್ಲೇ ಡೋರ್ ಓಪನ್ ಮಾಡ್ಲಿಲ್ಲ," ಎಂದಳು.

"ಅತ್ತೆಗೆ ಗೊತ್ತಿತ್ತು ರೀ," ಎಂದಳು ಆರತಿ. "ಬಾಗಿಲ ಕೆಳಗೆ ನಿಮ್ಮ ನೆರಳು ಕಾಣ್ತಿತ್ತಂತೆ. ಪಾಪ, ನಿಂತ್ಕೊಂಡು ಕೇಳ್ತಾಳೆ ಅಂತ ಏನೇನೋ ಹೇಳಿ ಬರ್ತಿದ್ರು."

ಸಿದ್ದೇಶ್ವರಿ ನೆನಪಿಸಿಕೊಳ್ಳಲು ನೋಡಿದಳು. ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. "ಏನ್ ಹೇಳ್ತಿದ್ರು?"

ಆರತಿ ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ತನಗೆ ನೆನಪಿದ್ದಷ್ಟು ಹೇಳಿದಳು. ಮದುವೆಯಾದ ಹೊಸದರಲ್ಲಿ ಯಾರಾದರೂ ಮನೆಗೆ ಬಂದರೆ ಮಲ್ಲಮ್ಮನೂ ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ನಿಲ್ಲುತ್ತಿದ್ದರಂತೆ, ಎರಡು ವರ್ಷ. ಅದನ್ನೇ ಹೆಚ್ಚು ಸಲ ಹೇಳುತ್ತಿದ್ದರಂತೆ. ಸಿದ್ದೇಶ್ವರಿಗೆ ತಲೆಯೆತ್ತಲಾಗಲಿಲ್ಲ. ಚಹಾ ಆರಿಹೋಯಿತು.